ಹುಬ್ಬಳ್ಳಿಯೊಳಗ ಛೊಲೋ ಮಟನ್, ತಾಜಾ ಮೀನ, ಸಾವಯವ ಕಾಯಿಪಲ್ಲೆ: ನಾ ಹೆಂಗ ಹುಡುಕಿಕೊಂಡೆ

"ಯಾವ ಅಂಗಡಿ ಛೊಲೋ ಐತಿ ಹೇಳ್ರಿ" ಅಂತ ಭಾಳ ಮಂದಿ ಕೇಳ್ತಾರ. ನನ್ನ ಕೇಳಿದ್ರ ಅಂಗಡಿ ಹೆಸರು ಆಮೇಲಿನ ಮಾತು, ಮೊದಲ ಮಾಲು ಯಾವ ದಿನ ಬರ್ತೈತಿ, ಯಾವ ಹೊತ್ತಿಗೆ ಬರ್ತೈತಿ ಅದು ಗೊತ್ತಿರಬೇಕು. ಅದೊಂದು ಗೊತ್ತಿದ್ರ ಓಣಿಯೊಳಗಿನ ಸಣ್ಣ ಅಂಗಡಿಯೊಳಗೂ ಒಳ್ಳೇದ ಸಿಗತೈತಿ, ಇಲ್ಲಾಂದ್ರ ಗ್ಲಾಸಿನ ಬಾಗಿಲಾ ಎಸಿ ಇದ್ದ ಅಂಗಡಿಯೊಳಗೂ ಹಳೇದ ಕೈಗೆ ಬರ್ತೈತಿ.

ನಾ ಗದಗಿನ ಕಡೆಯಾಕಿ, ನಮ್ಮನಿಯವ್ರು ಅಂಕೋಲಾದವ್ರು. ನನಗ ಮಟನ್ ಬೇಕು, ಅವರಿಗೆ ಮೀನ ಇಲ್ಲದ ಊಟಾನ ಸೇರಂಗಿಲ್ಲ, ಹಿಂಗಾಗಿ ಹುಬ್ಬಳ್ಳಿಗೆ ಮನಿ ಮಾಡಿದ ಮ್ಯಾಲೆ ಎರಡೂ ಹುಡುಕೂದು ನನ್ನ ಪಾಲಿಗೆ ಬಂತು.

ಮಟನ್ ಮೊದಲ ಹೇಳ್ತೇನಿ. ನಮ್ಮ ಕಡೆ ಸೋಮವಾರ, ಗುರುವಾರ, ಶನಿವಾರ ವಾರ ಮಾಡೋ ಮನಿ ಭಾಳ, ಆ ದಿನ ವ್ಯಾಪಾರ ಇರಂಗಿಲ್ಲ, ಸಣ್ಣ ಅಂಗಡಿಯವ್ರು ದಿನಾ ಕಡಿಯಂಗೂ ಇಲ್ಲ, ಅದಕ್ಕ ಮಂಗಳವಾರ ಹೋದ್ರ ಐತವಾರ ಉಳಿದದ್ದು ಫ್ರಿಜ್ಜಿನಿಂದ ಬರೋ ಸಾಧ್ಯತೆ ಜಾಸ್ತಿ. ನಾ ಐತವಾರ ಇಲ್ಲಾ ಬುಧವಾರ ಮುಂಜಾನೆ ಬ್ಯಾಗ್ ಹಿಡಕೊಂಡು ಹೋಗ್ತೇನಿ. ಮೊದಲ ಕಡಿದು ತೂಕ ಮಾಡಿಟ್ಟ ತುಂಡು ತಗೊಳ್ಳಂಗಿಲ್ಲ, ತೂಗು ಹಾಕಿದ್ದನ್ನ ನೋಡಿ ನನ್ನ ಮುಂದ ಕಡಿಸ್ತೇನಿ. ನಂಬಿಕಸ್ತ ಅಂಗಡಿಯವ್ರು ಬಾಲ ಹಂಗ ಬಿಟ್ಟಿರ್ತಾರ ನೋಡ್ರಿ, ಅದು ಗಿರಾಕಿ ನೋಡ್ಲಿ ಅಂತನ. ಆಡಿನ ಬಾಲ ಗಿಡ್ಡ, ಮ್ಯಾಲ ಎತ್ತಿರತೈತಿ, ಕುರಿದು ಕೆಳಗ ಜೋತಿರತೈತಿ. ಎಳೇದಾದ್ರ ಖಂಡ ತೆಳು ಕೆಂಪು ಇರತೈತಿ, ಪಕ್ಕಡಿ ಎಲುಬು ಸಣ್ಣ ಇರತಾವು. ಬಲತದ್ದು ಕಪ್ಪಗೆಂಪು, ಕೊಬ್ಬು ಹಳದಿಗೆ ತಿರುಗಿರತೈತಿ. ಬೆರಳಿಂದ ಮುಟ್ಟಿದ್ರ ಮ್ಯಾಲಿನ ಪದರ ಒಣಗಿದಂಗ ಇರಬೇಕು, ಅಂಟು ಅಂಟು ಆತಂದ್ರ ಸುಮ್ಮನ ಮುಂದಿನ ಅಂಗಡಿಗೆ ನಡೀರಿ. ಹಳೇ ಹುಬ್ಬಳ್ಳಿಯೊಳಗ ನಾ ಹೋಗೋ ಅಂಗಡಿ ಚಾಚಾ ಈಗ ಯಾವ ತುಂಡು ಬೇಕಂತ ಕೇಳೂದs ಇಲ್ಲ, "ಸಾರಿಗೇನ್ರಿ ಅಕ್ಕಾರ, ಸುಕ್ಕಾಕ್ಕ?" ಅಂತಾರ ಅಷ್ಟ, ಸಾರಿಗಾದ್ರ ಎದಿ, ಪಕ್ಕಡಿ ಎಲುಬು ಸಮೇತ, ಸುಕ್ಕಾಕ್ಕಾದ್ರ ತೊಡಿ.

ಕೋಳಿದು ಒಂದs ಮಾತು. ಜವಾರಿ ಅಂತ ಹೇಳಿ ಗಿರಿರಾಜ ಅನ್ನೋ ಸುಧಾರಿತ ತಳಿ ಕೋಳಿ ಕೊಡೂದು ಭಾಳ ಕಡೆ ನಡೀತೈತಿ, ಬಣ್ಣದ ಪುಕ್ಕ ಇದ್ದದ್ದೆಲ್ಲಾ ಜವಾರಿ ಅಲ್ಲ. ಜೀವಂತ ನೋಡ್ರಿ, ಜವಾರಿ ಕೋಳಿ ಮೈ ಸಣ್ಣ, ಕಾಲು ತೆಳ್ಳಗ, ಕೈಯಾಗ ಹಿಡಿದ್ರ ಗಟ್ಟಿ ಇರತೈತಿ. ಗಿರಿರಾಜ ಕೆಟ್ಟದ್ದೇನಲ್ಲ, ಆದ್ರ ಜವಾರಿ ರೇಟು ಕೊಟ್ಟು ಅದನ್ಯಾಕ ಒಯ್ಯೂದು.

ಇನ್ನ ಮೀನ. ಇದರಾಗ ನನ್ನ ಗುರು ನಮ್ಮ ಅತ್ತಿಯವ್ರು. ಹುಬ್ಬಳ್ಳಿಗೆ ಸಮುದ್ರದ ಮೀನ ಹೆಚ್ಚಾಗಿ ಕಾರವಾರ, ಅಂಕೋಲಾ, ಗೋವಾ, ಮಲ್ಪೆ ಕಡೆಯಿಂದ ಬರ್ತೈತಿ. ಅಂಕೋಲಾದಿಂದ ಅರಬೈಲ್ ಘಾಟ್ ಹತ್ತಿ ಯಲ್ಲಾಪುರ, ಕಲಘಟಗಿ ದಾಟಿ ಬಂದ್ರ ಒಂದ ರಾತ್ರಿ ದಾರಿನೂ ಅಲ್ಲ, ಅಂದಮ್ಯಾಲೆ ತಾಜಾ ಮೀನ ಇಲ್ಲಿ ಸಿಗಾಕ ಏನೂ ಅಡ್ಡಿ ಇಲ್ಲ. ಗಣೇಶಪೇಟೆ ಮೀನ ಮಾರ್ಕೆಟಿಗೆ ನಾ ಮುಂಜಾನೆ ಐಸ್ ಡಬ್ಬಿ ಒಡಿಯೋ ಹೊತ್ತಿಗೆ ಹೋಗ್ತೇನಿ. ಮಧ್ಯಾಹ್ನ ರೇಟ್ ಇಳಿತೈತಿ ಖರೆ, ಆದ್ರ ಬಿಸಿಲಿಗೆ ಐಸ್ ಕರಗಿ ನೀರಾಗ ನೆಂದ ಬಂಗಡಿ ಅಗ್ಗ ಸಿಕ್ಕರೂ ನನಗ ಬ್ಯಾಡ.

ಅತ್ತಿಯವ್ರು ಕಲಿಸಿದ್ದು ಮೊದಲ ಕಿವಿರು ಎತ್ತಿ ನೋಡೂದು. ಒಳಗ ರಕ್ತಗೆಂಪು ಇರಬೇಕು, ಕಂದು ಬಣ್ಣ ಬಂದಿದ್ರ ಬಿಡಬೇಕು. ಕಣ್ಣು ಉಬ್ಬಿ ತಿಳಿ ಇರಬೇಕು, ಒಳಗ ಹೋಗಿ ಬೆಳ್ಳಗ ಮಂಜಾಗಿದ್ರ ಹಳೇದು. ಹೆಬ್ಬೆರಳಿಂದ ಬೆನ್ನು ಒತ್ತಿದ್ರ ತಗ್ಗು ಬಿದ್ದದ್ದು ತಟ್ಟನ ಮ್ಯಾಲೆ ಬರಬೇಕು. ವಾಸನಿ ಸಮುದ್ರದ್ದು ಇದ್ರ ಸರಿ, ಮೂಗಿಗೆ ಖಾರ ಹತ್ತಿದಂಗಾದ್ರ ಅಲ್ಲೇ ಇಟ್ಟು ಬರ್ರಿ. ಸಿಗಡಿ, ಅವರ ಬಾಯಾಗ ಅದು ಶೆಟ್ಲಿ, ತಲಿ ಗಟ್ಟಿಯಾಗಿ ಅಂಟಿರಬೇಕು, ತಲಿ ಸಡಿಲಾಗಿ ಕರೇದಾಗಿದ್ರ ತಗೋಬ್ಯಾಡ್ರಿ. ಇಸೋಣ, ಇಲ್ಲಿ ಸುರ್ಮಯಿ ಅಂತಾರಲ್ಲ ಅದು, ಮೊದಲ ಕತ್ತರಿಸಿ ಇಟ್ಟ ತುಂಡು ಒಯ್ದ್ರ ಕಿವಿರೂ ಇಲ್ಲ, ಕಣ್ಣೂ ಇಲ್ಲ, ಏನ ನೋಡಿ ಗೊತ್ತು ಮಾಡ್ಕೋತೀರಿ? ಇಡೀ ಮೀನ ದೊಡ್ಡದಾತಂದ್ರ ನಾನು ಬಾಜೂ ಮನಿಯವ್ರು ಕೂಡಿ ಒಂದು ತಗೊಂಡು ಅಲ್ಲೇ ಕಡಿಸಿ ಹಂಚಿಕೊಳ್ತೇವಿ.

ಅದಕಿಂತ ದೊಡ್ಡ ಮಾತು ಕ್ಯಾಲೆಂಡರ್. ನಮ್ಮ ಕರಾವಳಿಯೊಳಗ ಜೂನ್ 1ರಿಂದ ಜುಲೈ 31ರ ತನಕ, ಅಂದ್ರ 61 ದಿನ, ಯಾಂತ್ರಿಕ ದೋಣಿಗೆ ಬಂದ್. ಮೀನ ತತ್ತಿ ಇಡೋ ಕಾಲ, ಸಮುದ್ರನೂ ಜೋರಿರತೈತಿ. ಪೂರ್ವ ಕರಾವಳಿಯೊಳಗ ಬಂದ್ ಏಪ್ರಿಲ್ 15ರಿಂದ ಜೂನ್ 14ರ ತನಕ. ಅಂದಮ್ಯಾಲೆ ಜುಲೈದಾಗ ಯಾರರೇ "ಕಾರವಾರದ ತಾಜಾ ಇಸೋಣ, ಬೋಟಿಂದು" ಅಂದ್ರ ಸ್ವಲ್ಪ ನಿಂತು ವಿಚಾರ ಮಾಡಬೇಕು, ಅದು ನಾಡದೋಣಿದು ಇರಬಹುದು, ಆಂಧ್ರ, ತಮಿಳುನಾಡಿನಿಂದ ಬಂದದ್ದಿರಬಹುದು, ಇಲ್ಲಾ ಕೋಲ್ಡ್ ಸ್ಟೋರೇಜಿಂದು. ನಾ ಕೇಳ್ತೇನಿ. ಒಬ್ಬಾಕಿ ಅಕ್ಕ ಆ ಮಾರ್ಕೆಟಿನ್ಯಾಗ ನನಗ ಸೀದಾ ಹೇಳಿದ್ಲು, "ಇದು ಐಸಿಂದ್ರಿ ಬಾಯಾರ, ನಿಮ್ಮನಿಯವ್ರಿಗೆ ಸೇರಂಗಿಲ್ಲ, ಇವತ್ತ ರೋಹು ಒಯ್ಯಿರಿ." ಅವತ್ತಿಂದ ನಾ ಅಕಿ ಬುಟ್ಟಿ ಬಿಟ್ಟು ಬ್ಯಾರೆ ಕಡೆ ಹೋಗಿಲ್ಲ. ಆ ಎರಡು ತಿಂಗಳು ನಮ್ಮನ್ಯಾಗ ಕೆರಿ, ಹೊಳಿ ಮೀನ, ಇಲ್ಲಾ ಅತ್ತಿಯವ್ರು ಕಟ್ಟಿ ಕಳಿಸಿದ ಒಣಮೀನ.

ಸಾವಯವದ್ದು ಬ್ಯಾರೇ ತಲಿನೋವು. ಬೋರ್ಡಿನ ಮ್ಯಾಲೆ ಹಸಿರು ಅಕ್ಷರದಾಗ "ಸಾವಯವ" ಅಂತ ಬರೆದ್ರ ಸಾವಯವ ಆಗಂಗಿಲ್ಲ. ಪ್ಯಾಕೆಟ್ ತಗೊಂಡ್ರ ಜೈವಿಕ್ ಭಾರತ್ ಅನ್ನೋ ಸರಕಾರದ ಸಾವಯವ ಗುರುತು ನೋಡ್ತೇನಿ. ಆದ್ರ ರೈತರು ತಾವ ತಂದು ಮಾರೂದಕ್ಕ ಅದು ಇರಬೇಕಂತಿಲ್ಲ, ವರ್ಷಕ್ಕ 12 ಲಕ್ಷದೊಳಗ ವಹಿವಾಟು ಇದ್ದು ನೇರ ಗಿರಾಕಿಗೆ ಮಾರೋ ಸಣ್ಣ ರೈತರಿಗೆ ಸರ್ಟಿಫಿಕೇಟಿನಿಂದ ವಿನಾಯಿತಿ ಐತಿ, ಕಾಗದ ಇಲ್ಲಂದ ಕೂಡಲೇ ಸುಳ್ಳು ಅನ್ನಬಾರದು. ಹಂಗಾದ್ರ ಗೊತ್ತಾಗೂದು ಹೆಂಗ? ನಾ ಬುಟ್ಟಿಯೊಳಗ ಏನೇನೈತಿ ನೋಡ್ತೇನಿ. ತಮ್ಮ ಹೊಲದ್ದ ಮಾರೋರ ಹತ್ರ ವರ್ಷಪೂರ್ತಿ ಟೊಮ್ಯಾಟೊ, ಹೂಕೋಸು, ದೊಣ್ಣಮೆಣಸಿನಕಾಯಿ ಎಲ್ಲಾ ಇರಂಗಿಲ್ಲ. ಒಂದ ವಾರ ಮೆಂತೆ ಪಲ್ಲೆ, ಹಕ್ಕರಕಿ, ಇನ್ನೊಂದ ವಾರ ಪುಂಡಿ ಪಲ್ಲೆ, ಜವಾರಿ ಬದನಿಕಾಯಿ, ಎಲ್ಯಾಗ ಅಲ್ಲಲ್ಲೆ ಹುಳ ತಿಂದ ತೂತು. "ಕಾಕಾ, ಹೋದ ವರ್ಷ ಈ ಹೊಲದಾಗ ಏನ ಹಾಕಿದ್ರಿ, ಹುಳಕ್ಕ ಏನ ಹೊಡೀತೀರಿ?" ಅಂತ ಕೇಳಿದ್ರ ಖರೆ ಬೆಳೆದವ್ರು ನಿಂತು ಅರ್ಧ ತಾಸು ಸಗಣಿ, ಗೋಮೂತ್ರದಿಂದ ಮಾಡೋ ಜೀವಾಮೃತದ ಮಾತಾಡ್ತಾರ, ತಂದು ಮಾರೋರು "ತಗೋರಿ ಬೇಕಂದ್ರ" ಅಂತಾರ.

ಇಂಥಾ ರೈತರನ್ನ ಭೇಟಿ ಆಗಾಕ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಛೊಲೋ ಜಾಗಾ, ಸಾಮಾನ್ಯವಾಗಿ ಸೆಪ್ಟೆಂಬರದಾಗ ಆಗತೈತಿ, ಫೋನ್ ನಂಬರ್ ಇಸ್ಕೊಂಡ್ರ ಆಮ್ಯಾಲೆ ವರ್ಷಪೂರ್ತಿ ಕೆಲಸಕ್ಕ ಬರ್ತೈತಿ. ಸಿರಿಧಾನ್ಯ ಬೇಕಾದವ್ರು ಕುಂದಗೋಳ ತಾಲೂಕಿನ ತೀರ್ಥ ಊರಿನ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದ ಹೆಸರು ಕೇಳಿರಬೇಕು, ಬೀಜ ಬ್ಯಾಂಕ್ ಕಟ್ಟಿ ಸಾವಿ, ನವಣಿಯಂಥಾ ಕಾಳು ಉಳಿಸಿದ ಹೆಣ್ಮಕ್ಕಳು, 2025ರಾಗ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ನಮ್ಮ ಜಿಲ್ಲೆಯೊಳಗ ಇಂಥವ್ರಿರಬೇಕಾದ್ರ ದೂರದೂರಿನ ಪ್ಯಾಕೆಟ್ ಆನ್‌ಲೈನ್ ತರಿಸೂದು ನನಗಂತೂ ಸರಿ ಅನಸಂಗಿಲ್ಲ.

ಬೆಲ್ಲ ಒಯ್ಯೋರು ಬಂಗಾರದಂಗ ಹಳದಿ ಇದ್ದದ್ದಕ್ಕ ಕೈ ಹಾಕಬ್ಯಾಡ್ರಿ, ಆ ಬಣ್ಣಕ್ಕ ಹೆಚ್ಚಾಗಿ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕಿರ್ತಾರ, ಕರೇ ಬೆಲ್ಲ ಕೇಳ್ರಿ. ಬ್ಯಾಡಗಿ ಮೆಣಸಿನಕಾಯಿ ವರ್ಷಕ್ಕಾಗೋವಷ್ಟು ತಗೊಳ್ಳೋರು ಜನವರಿಯಿಂದ ಮಾರ್ಚ್ ಒಳಗ ಹೊಸಾ ಮಾಲು ಬಂದಾಗ ತಗೋರಿ, ಮೈ ಸುಕ್ಕಿದ್ದು, ಕಡುಗೆಂಪು ಇರಬೇಕು, ತೊಟ್ಟು ಗಟ್ಟಿ ಇರಬೇಕು, ಅಂಗೈಯಾಗ ಹಿಡಿದು ತಿಕ್ಕಿದ್ರ ಎಣ್ಣಿಯಾಗಲಿ ಬಣ್ಣಾಗಲಿ ಕೈಗೆ ಹತ್ತಬಾರದು.