ಹೊಸಬರಿಗೆ ಮಾರ್ಗದರ್ಶಿ: ಮಗುವಿನ ತಾಯಿ ಕಾರ್ಡ್ ಬೆಂಗಳೂರಿಗೆ ಬಂತಾ?

ಊರು ಬಿಟ್ಟು ಬರುವಾಗ ಗ್ಯಾಸ್ ಬುಕ್, ರೇಷನ್ ಕಾರ್ಡ್, ದೊಡ್ಡ ಮಕ್ಕಳ ಟಿಸಿ ಎಲ್ಲ ನೆನಪಾಗುತ್ತವೆ. ಮಗುವಿನ ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡ್ ಮಾತ್ರ ತವರಲ್ಲೇ ಉಳಿಯುತ್ತದೆ. ನನಗೂ ಹಾಗೇ ಆಯಿತು. ಅದಕ್ಕೇ ಈ ಭಾಗ ನಾನೇ ಬರೆಯುತ್ತೇನೆ ಎಂದು ಸಂಘದಲ್ಲಿ ಕೇಳಿಕೊಂಡೆ.

ನನ್ನ ಬಾಣಂತನ ಕೊಪ್ಪಳದಲ್ಲಿ. ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ. ಆಮೇಲೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಲಸಿಕೆಗಳೂ ಅಲ್ಲೇ. ಐದನೇ ತಿಂಗಳಲ್ಲಿ ಇಲ್ಲಿಗೆ ಬಂದೆವು. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಹಾಕಿಸಲು ಹೋದರೆ ಸಿಸ್ಟರ್ ಕೇಳಿದರು, "ಕಾರ್ಡ್ ಎಲ್ಲಮ್ಮಾ?" ಅಮ್ಮ ಟ್ರಂಕಿನಿಂದ ತೆಗೆದು ಫೋಟೋ ಕಳಿಸಿದರು. ಅರಿಶಿನದ ಕಲೆ ಬಿದ್ದ ಆ ಕಾರ್ಡಿನಲ್ಲಿ ಮೂರೂವರೆ ತಿಂಗಳ ಸಾಲು ಖಾಲಿ! ಹಾಕಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ರಾತ್ರಿ ಮಗು ಜ್ವರದಲ್ಲಿ ಮಲಗಲೇ ಇಲ್ಲ. ಆದರೆ ಬರೆದಿಲ್ಲ ಅಂದರೆ ಹಾಕಿಲ್ಲ ಅಂತಲೇ ಲೆಕ್ಕ. ಐದು ರೋಗಗಳನ್ನು ತಡೆಯುವ ಪೆಂಟಾ ಲಸಿಕೆ ಮತ್ತೆ ಚುಚ್ಚಿಸಬೇಕಾಯಿತು. ಇನ್ನೊಂದು ಸಲ ಹಾಕಿದರೆ ತೊಂದರೆ ಇಲ್ಲ ಅಂದರು ಡಾಕ್ಟರು. ಮಗುವಿನ ಕಾಲು ಹಿಡಿದುಕೊಂಡವಳು ನಾನು, ಆ ಅಳು ಇನ್ನೂ ಕಿವಿಯಲ್ಲಿದೆ.

ಆದ್ದರಿಂದ ಲಸಿಕೆ ಆದ ಕೂಡಲೇ ಎದ್ದು ಬರಬೇಡಿ. ಇವತ್ತಿನ ದಿನಾಂಕ ಬರೆದರಾ, ಸರಿಯಾದ ಸಾಲಿನಲ್ಲಿ ಬರೆದರಾ, ಮುಂದಿನದು ಯಾವಾಗ, ಅಲ್ಲೇ ನಿಂತು ನೋಡಿ. ಸಂಕೋಚ ಯಾಕೆ? ಕನ್ನಡದಲ್ಲೇ ಕೇಳಿ, ನಮ್ಮ ಸಿಸ್ಟರ್‌ಗಳು ಪ್ರೀತಿಯಿಂದ ಹೇಳುತ್ತಾರೆ.

ಒಂದೇ ಮಗು, ಎರಡು ಹೆಸರು

ಇದು ನಮ್ಮವರಲ್ಲಿ ಬಹಳ ಜಾಸ್ತಿ. ಹೆರಿಗೆ ಆಸ್ಪತ್ರೆಯಲ್ಲಿ "ಬೇಬಿ ಆಫ್" ಅಂತ ತಾಯಿಯ ಹೆಸರಲ್ಲಿ ಬರೆಸಿರುತ್ತೀರಿ, ಅಜ್ಜನ ಫೋನ್ ನಂಬರ್ ಕೊಟ್ಟಿರುತ್ತೀರಿ. ನಾಮಕರಣ ಆಮೇಲೆ. ಇಲ್ಲಿಗೆ ಬಂದು ಹೊಸ ಹೆಸರು, ಗಂಡನ ನಂಬರ್ ಕೊಟ್ಟು ಮತ್ತೆ ನೋಂದಾಯಿಸುತ್ತೀರಿ. ಲೆಕ್ಕದಲ್ಲಿ ಈಗ ಇಬ್ಬರು ಮಕ್ಕಳು, ಇಬ್ಬರದೂ ಅರ್ಧರ್ಧ ಲಸಿಕೆ! ಊರಿನ ಆಶಾ ಅಕ್ಕ ಇಲ್ಲದ ಮಗುವನ್ನು ಬಾಕಿ ಪಟ್ಟಿ ಹಿಡಿದು ಹುಡುಕುತ್ತಾರೆ. ಇಂಥ ಸುಳ್ಳು ಬಾಕಿಗಳ ನಡುವೆ ನಿಜವಾಗಿ ಲಸಿಕೆ ತಪ್ಪಿದ ಮಗು ಕಣ್ಣಿಗೆ ಬೀಳುವುದಿಲ್ಲ.

ಈಗ ಯು-ವಿನ್ ಎಂಬ ಆನ್‌ಲೈನ್ ದಾಖಲೆ ದೇಶಕ್ಕೆಲ್ಲ ಒಂದೇ. ಮೊದಲು ಕೊಟ್ಟ ನಂಬರ್ ಯಾವುದು ಎಂದು ತವರಲ್ಲಿ ವಿಚಾರಿಸಿ. ಹಳೆಯ ನೋಂದಣಿಯನ್ನೇ ಹುಡುಕಿಸಿ, ಹೆಸರು ತಿದ್ದಿಸಿ. ಆ ಸಿಮ್ ಬಿಸಾಡಬೇಡಿ.

ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿದರೆ

ಅವರ ಪುಸ್ತಕ ಬೇರೆ, ಅದರಲ್ಲಿ ಕಂಪನಿ ಹೆಸರಿನ ಸ್ಟಿಕ್ಕರ್ ಅಂಟಿಸಿರುತ್ತಾರೆ. ಯಾವ ರೋಗದ ಲಸಿಕೆ ಎಂದು ಪಕ್ಕದಲ್ಲಿ ಬರೆಸಿಕೊಳ್ಳಿ. ಯು-ವಿನ್‌ಗೆ ಸೇರಿಸಿದರಾ ಕೇಳಿ.

ಎಲ್ಲಿಗೆ ಹೋಗಬೇಕು

ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸರ್ಕಾರದ "ನಮ್ಮ ಕ್ಲಿನಿಕ್". ಲಸಿಕೆಯ ದಿನ ಕೇಳಿಕೊಂಡು ಹೋಗಿ. ದುಡ್ಡಿಲ್ಲ. ಕಾರ್ಡ್, ಜನನ ಪ್ರಮಾಣಪತ್ರ, ಫೋನ್ ಇರಲಿ. ಕಾರ್ಡ್ ಇಲ್ಲ ಅಂತ ಮನೆಯಲ್ಲಿ ಕೂರಬೇಡಿ.

ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು. ಆಶಾ ಕಾರ್ಯಕರ್ತೆಯನ್ನು ಗೇಟಿನಲ್ಲೇ ವಾಪಸ್ ಕಳಿಸುವುದು ಸರಿಯಲ್ಲ. ಮನೆ ಮನೆಯ ಮಕ್ಕಳನ್ನು ಪಟ್ಟಿಗೆ ಸೇರಿಸುವವರು ಅವರೇ. ಸೆಕ್ಯೂರಿಟಿಗೆ ಮೊದಲೇ ಹೇಳಿಡಿ.

ಪಲ್ಸ್ ಪೋಲಿಯೊ

ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹಾಕಿಸಿ. ಕಿರುಬೆರಳಿನ ಶಾಯಿ ಕಾರ್ಡಿನ ಲಸಿಕೆಗೆ ಬದಲಿ ಅಲ್ಲ.

ಮರೆಯುವ ಸಾಲುಗಳು

ಒಂದೂವರೆ ವರ್ಷ ದಾಟಿದ ಮೇಲೆ ಕಾರ್ಡ್ ಬೀರು ಸೇರುತ್ತದೆ. 5-6 ವರ್ಷಕ್ಕೆ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಬೂಸ್ಟರ್, 10 ಮತ್ತು 16ಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ ಲಸಿಕೆ) ಇವೆ. ಪ್ಲಾಸ್ಟಿಕ್ ಕವರ್ ಹಾಕಿ, ಶಾಲೆಯ ಮಾರ್ಕ್ಸ್ ಕಾರ್ಡ್ ಇಡುವ ಫೈಲಿನಲ್ಲೇ ಇಡಿ.