ಬೀದರಿನಿಂದ ಮಾರಿಷಸ್‌ಗೆ ಬಿದ್ರಿ ಸಾಮಾನು ಕಳಿಸುವುದು ಹೇಗೆ

ನಮ್ಮ ಬೀದರಿಗೆ ಸಮುದ್ರವೇ ಇಲ್ಲ, ಮಾರಿಷಸ್ ಸುತ್ತ ಬರೀ ಸಮುದ್ರ. ಹಾಗಾಗಿ ಮೊದಲು ಸಾಗಣೆ ಖರ್ಚು ಕೇಳಿ, ಆಮೇಲೆ ಬೆಲೆ ಹೇಳಿ. ನಾನು ಉಲ್ಟಾ ಮಾಡಿದೆ. ಮೊದಲ ಆರ್ಡರಿನ ಲಾಭವೆಲ್ಲ ಸಾಗಣೆಗೇ ಹೋಯಿತು. ಬಿದ್ರಿ ಅಂದರೆ ಬೆಳ್ಳಿ ಕೂರಿಸಿದ ಕಪ್ಪು ಲೋಹದ ಸಾಮಾನು; ಅದರಲ್ಲಿ ಹೆಚ್ಚಿನ ಪಾಲು ಸತು, ತೂಕ ಜಾಸ್ತಿ ಅಲ್ವಾ?

ರಫ್ತಿಗೆ ಬೇಕಾದ ಐಇಸಿ (ಆಮದು-ರಫ್ತು ಕೋಡ್) ನಂಬರ್ ಆನ್‌ಲೈನಿನಲ್ಲೇ ಸಿಗುತ್ತದೆ, ಶುಲ್ಕ 500 ರೂಪಾಯಿ. ಸುಮ್ನೆ ಏಜೆಂಟರಿಗೆ ದುಡ್ಡು ಕೊಡಬೇಡಿ. ಏನೂ ಬದಲಾಗದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಬೇಕು. ಜಿಎಸ್‌ಟಿ ಇದ್ದವರು ಎಲ್‌ಯುಟಿ (ರಫ್ತಿಗಾಗಿ ಬರೆದುಕೊಡುವ ಮುಚ್ಚಳಿಕೆ) ಸಲ್ಲಿಸಿದರೆ ತೆರಿಗೆ ಕಟ್ಟದೆ ಕಳಿಸಬಹುದು.

ಭಾರತ-ಮಾರಿಷಸ್ ವ್ಯಾಪಾರ ಒಪ್ಪಂದ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಮ್ಮ ಸಾಮಾನಿಗೆ ಸುಂಕದ ರಿಯಾಯಿತಿ ಇದೆಯಾ ನೋಡಿ. ಇದ್ದರೆ ಸರ್ಟಿಫಿಕೇಟ್ ಆಫ್ ಒರಿಜಿನ್, ಅಂದರೆ ಸಾಮಾನು ಭಾರತದ್ದೇ ಅನ್ನುವ ಪ್ರಮಾಣಪತ್ರ, ಬೇಕೇ ಬೇಕು.

ಅಲ್ಲಿ ಜನ 13 ಲಕ್ಷವೂ ಇಲ್ಲ. ಕಂಟೇನರ್ ತುಂಬಿಸುವ ಆಸೆ ಬಿಡಿ. ಹತ್ತಿಪ್ಪತ್ತು ಕೈಬಳೆ, ಚಿಕ್ಕ ಡಬ್ಬಿಗಳಾದರೆ ಅಂಚೆಯಲ್ಲೇ ಹೋಗುತ್ತವೆ. ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ (ಅಂಚೆ ರಫ್ತಿನ ಕಸ್ಟಮ್ಸ್ ಫಾರ್ಮ್) ತುಂಬಬೇಕು, ಅಷ್ಟೇ.

ಇನ್ನು ಪ್ಯಾಕಿಂಗ್. ಒಮ್ಮೆ ಹಳೇ ಪೇಪರಿನಲ್ಲಿ ಸುತ್ತಿ ಕಳಿಸಿದ್ದೆ. ತೇವ ತಾಗಿ ಬೆಳ್ಳಿ ಮಂಕಾಯಿತು, ಬೀದರ್ ಕೋಟೆಯ ಮಣ್ಣು ಹಚ್ಚಿ ಬರಿಸುವ ಕಪ್ಪು ಬಣ್ಣದ ಮೇಲೆ ಕಲೆ ಬಿತ್ತು. ಈಗ ಎಣ್ಣೆ ಸವರಿ, ಬಟ್ಟೆ ಸುತ್ತಿ, ಸಿಲಿಕಾ ಜೆಲ್ ಹಾಕಿ, ಗಾಳಿಯಾಡದ ಕವರಿನಲ್ಲಿ ಮುಚ್ಚುತ್ತೇನೆ. ಮುಚ್ಚುವ ಮೊದಲು ಒಂದು ಫೋಟೊ ತೆಗೆದಿಡಿ.