ಮೊದಲು ಕೂರಿಸುವುದು, ಆಮೇಲೆ ತೂಗುವುದು: 70 ಮಿ.ಮೀ. ಇಡಿಎಫ್ ಜೊತೆಗಿನ ನನ್ನ ಅನುಭವ

ಎಚ್‌ಜೆಟಿ-16 ಕಿರಣ್ ವಿಮಾನದ ಮಾದರಿ ಮಾಡುವಾಗ ಅದರ ಮೂಗಿಗೆ ಪ್ರೊಪೆಲ್ಲರ್ ಕಟ್ಟಲು ನನಗೆ ಮನಸ್ಸು ಬರಲಿಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿನ್ಯಾಸಗೊಂಡು 1964ರ ಸೆಪ್ಟೆಂಬರ್ 4ರಂದು ಮೊದಲ ಸಲ ಹಾರಿದ ತರಬೇತಿ ಜೆಟ್ ಅದು. 1996ರಲ್ಲಿ ಬೀದರ್‌ನಲ್ಲಿ ಹುಟ್ಟಿದ, ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡ ವರ್ಷಗಟ್ಟಲೆ ಹಾರಿಸಿದ್ದೂ ಇದೇ ವಿಮಾನವನ್ನು. ಒಡಲಿನ ಎರಡೂ ಪಕ್ಕಗಳಲ್ಲಿ ಗಾಳಿ ಒಳಹೋಗುವ ಬಾಯಿಗಳು, ಹಿಂದೆ ಗಾಳಿ ಹೊರಬರುವ ಒಂದೇ ಕೊಳವೆ. ಒಂದೇ ಎಂಜಿನ್ನಿನ ಇಂಥ ವಿಮಾನಕ್ಕೆ ಇಡಿಎಫ್, ಅಂದರೆ ಕೊಳವೆಯೊಳಗೆ ಕೂತು ವಿದ್ಯುತ್ ಮೋಟರ್‌ನಿಂದ ತಿರುಗುವ ಫ್ಯಾನ್, ಹೇಳಿ ಮಾಡಿಸಿದಂತಿದೆ. ಅದನ್ನು ಜೋಡಿಸಿ, ಅದುರದಂತೆ ತೂಗಿ (ಎಂದರೆ ಸುತ್ತಲೂ ಭಾರ ಸಮವಾಗುವಂತೆ ಮಾಡಿ), ವಿಮಾನದೊಳಗೆ ಕೂರಿಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಆರಿಸಿಕೊಂಡದ್ದು 70 ಮಿ.ಮೀ. ಒಳವ್ಯಾಸದ, 12 ಬ್ಲೇಡುಗಳ ಫ್ಯಾನ್. ಅದಕ್ಕೆ 1900 ಕೆವಿಯ ಇನ್‌ರನ್ನರ್ (ಹೊರಕವಚ ನಿಂತು ಒಳಭಾಗ ತಿರುಗುವ) ಮೋಟರ್, 6 ಸೆಲ್‌ಗಳ ಲಿಪೊ ಬ್ಯಾಟರಿ. ಒಂದು ವೋಲ್ಟ್‌ಗೆ ಮೋಟರ್ ನಿಮಿಷಕ್ಕೆ ಎಷ್ಟು ಸುತ್ತು ಹಾಕುತ್ತದೆ ಎಂಬ ಲೆಕ್ಕವೇ ಕೆವಿ. 22.2 ವೋಲ್ಟ್‌ಗೆ, ಹೊರೆಯಿಲ್ಲದಿದ್ದರೆ, ಸುತ್ತುಗಳ ಸಂಖ್ಯೆ 42,000 ದಾಟುತ್ತದೆ. ಫ್ಯಾನ್ ಗಾಳಿಯನ್ನು ದೂಡತೊಡಗಿದಾಗ ಅದು ಸುಮಾರು 35,000ಕ್ಕೆ ಇಳಿಯುತ್ತದೆ. ಆಗಲೂ ಬ್ಲೇಡಿನ ತುದಿ ಗಂಟೆಗೆ 450 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ.

ಈ ವೇಗದಲ್ಲಿ ತೂಕದ ಅರ್ಥವೇ ಬದಲಾಗುತ್ತದೆ. ಮಧ್ಯದಿಂದ 30 ಮಿ.ಮೀ. ದೂರದಲ್ಲಿ ಒಂದು ಕಡೆ 0.1 ಗ್ರಾಂ, ಎಂದರೆ ನಾಲ್ಕೈದು ಅಕ್ಕಿಕಾಳಿನಷ್ಟು, ಹೆಚ್ಚಿಗೆ ಇದೆಯೆಂದು ಇಟ್ಟುಕೊಳ್ಳಿ. 35,000 ಸುತ್ತಿನಲ್ಲಿ ಅದು ಶಾಫ್ಟನ್ನು ಪಕ್ಕಕ್ಕೆ ಎಳೆಯುವ ಬಲ 40 ನ್ಯೂಟನ್. ನಾಲ್ಕು ಕಿಲೋ ತೂಕವನ್ನು ಶಾಫ್ಟಿಗೆ ನೇತುಹಾಕಿದಷ್ಟೇ ಆಯಿತು. ಆ ಎಳೆತ ಸೆಕೆಂಡಿಗೆ 580ಕ್ಕೂ ಹೆಚ್ಚು ಸಲ ಸುತ್ತಿ ಬರುತ್ತದೆ. ಬೇರಿಂಗ್ ಸವೆಯುವುದು, ಸ್ಕ್ರೂ ಸಡಿಲವಾಗುವುದು, ಫೋಮ್ ಒಡಲಿನ ಅಂಟು ಬಿಡುವುದು, ಬ್ಯಾಟರಿಯ ಶಕ್ತಿ ಶಬ್ದವಾಗಿ ಸೋರಿಹೋಗುವುದು ಎಲ್ಲವೂ ಇದರಿಂದಲೇ.

ಈ ಲೆಕ್ಕ ನೋಡಿದವರು ಕೂಡಲೇ ಟೇಪು, ಅಂಟು ಹಿಡಿದು ತೂಗಲು ಕೂರುತ್ತಾರೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ ಎಂಬುದೇ ನಾನು ಒತ್ತಿ ಹೇಳಬೇಕೆಂದಿರುವ ಮಾತು. ಅದುರುವಿಕೆಯ ದೊಡ್ಡ ಪಾಲು ಹುಟ್ಟುವುದು ಜೋಡಣೆಯಲ್ಲಿ. 45 ಗ್ರಾಂ ತೂಗುವ ರೋಟರ್, ಅಂದರೆ ಬ್ಲೇಡುಗಳಿರುವ ತಿರುಗುವ ಭಾಗ, ಶಾಫ್ಟಿನ ನಟ್ಟನಡುವಿನಿಂದ ಕೇವಲ 0.05 ಮಿ.ಮೀ. ಸರಿದು ಕೂತರೂ ಸಾಕು, 30 ಮಿ.ಮೀ. ದೂರದಲ್ಲಿ 75 ಮಿಲಿಗ್ರಾಂ ಅಂಟಿಸಿದಷ್ಟು ಅಸಮತೋಲನ ಬಂದುಬಿಡುತ್ತದೆ. ಆ ಓರೆಯನ್ನು ಹಾಗೇ ಬಿಟ್ಟು ಎದುರು ಬದಿಗೆ ತೂಕ ಹಚ್ಚಿದರೆ ಅಂದಿಗೆ ಫ್ಯಾನ್ ಸುಮ್ಮನಾಗಬಹುದು. ಮುಂದೊಮ್ಮೆ ಬಿಚ್ಚಿ ಜೋಡಿಸಿದಾಗ ರೋಟರ್ ಬೇರೆ ಕಡೆಗೆ ಸರಿದು ಕೂರುತ್ತದೆ, ಹಚ್ಚಿದ ತೂಕವೇ ಹೊರೆಯಾಗುತ್ತದೆ.

ಹಾಗಾಗಿ ನಾನು ಮೋಟರ್‌ನಿಂದ ಶುರುಮಾಡುತ್ತೇನೆ. ಹೌಸಿಂಗ್‌ಗೆ, ಅಂದರೆ ಫ್ಯಾನಿನ ಹೊರಗಿನ ಕೊಳವೆಗೆ, ಕೂರಿಸುವ ಮೊದಲು ಬರಿಯ ಮೋಟರನ್ನೇ ಕೈಯಲ್ಲಿ ಹಿಡಿದು ನಿಧಾನವಾಗಿ ಓಡಿಸುತ್ತೇನೆ. ಬೆರಳಿಗೆ ಜುಮ್ಮೆನ್ನುವ ಅದುರು ಅಲ್ಲೇ ಸಿಕ್ಕಿದರೆ ರೋಟರಿಗೆ ಎಷ್ಟು ತೂಕ ಹಚ್ಚಿದರೂ ಪ್ರಯೋಜನವಿಲ್ಲ, ಅಂಥ ಮೋಟರನ್ನು ವಾಪಸು ಮಾಡುವುದೇ ಸರಿ. ಹೌಸಿಂಗ್‌ಗೆ ಬಿಗಿಯುವ ಸ್ಕ್ರೂಗಳ ಉದ್ದವನ್ನೂ ಅಳೆಯಬೇಕು. ಒಂದೆರಡು ಮಿ.ಮೀ. ಹೆಚ್ಚು ಒಳಹೋದರೆ ತುದಿ ಮೋಟರ್‌ನ ತಾಮ್ರದ ಸುತ್ತಿಗೆ ತಗುಲಿ ಶಾರ್ಟ್ ಆಗುತ್ತದೆ. ಎದುರುಬದುರಿನ ಸ್ಕ್ರೂಗಳನ್ನು ಜೋಡಿಯಾಗಿ, ಸ್ವಲ್ಪಸ್ವಲ್ಪವೇ ಬಿಗಿಯುತ್ತಾ ಹೋದರೆ ಮೋಟರ್ ನೇರವಾಗಿ ಕೂರುತ್ತದೆ. ಲೋಹಕ್ಕೆ ಲೋಹ ಸೇರುವಲ್ಲಿ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕರ್ ಅಂಟು ಹಾಕುತ್ತೇನೆ, ಆದರೆ ಬಾಟಲಿಯಿಂದ ನೇರವಾಗಿ ಸುರಿಯುವುದಿಲ್ಲ. ಸೂಜಿಯ ತುದಿಯಲ್ಲಿ ಒಂದು ಹನಿ ತೆಗೆದು ಸ್ಕ್ರೂವಿನ ಸುರುಳಿ ಎಳೆಗೆ ಮುಟ್ಟಿಸುತ್ತೇನೆ. ಎಬಿಎಸ್, ಪಾಲಿಕಾರ್ಬೊನೇಟ್‌ನಂಥ ಪ್ಲಾಸ್ಟಿಕ್‌ಗೆ ಅದು ಹರಿದರೆ ಬಿರುಕು ಬಿಡಿಸುತ್ತದೆ, ಮೋಟರನ್ನು ಹಿಡಿದ ಹೌಸಿಂಗ್‌ನ ಕಾಲು ಯಾವತ್ತೋ ಒಂದು ದಿನ ಕಾರಣವಿಲ್ಲದೆ ಮುರಿದಂತೆ ಕಾಣುತ್ತದೆ.

ಮುಂದಿನದು ಅಡಾಪ್ಟರ್: ಮೋಟರ್ ಶಾಫ್ಟನ್ನು ರೋಟರಿಗೆ ಸೇರಿಸುವ ಅಲ್ಯೂಮಿನಿಯಂ ತುಂಡು. ನನ್ನ ಫ್ಯಾನಿನ ಜೊತೆಗೆ ಬಂದದ್ದು ಪಕ್ಕದಿಂದ ಎರಡು ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ) ಬಿಗಿಯುವ ಬಗೆಯದು. ಅದನ್ನು ಶಾಫ್ಟಿಗೆ ಹಾಕಿ ಡಯಲ್ ಗೇಜ್ ಹಿಡಿದರೆ ಮುಳ್ಳು 0.06 ಮಿ.ಮೀ. ಆಚೀಚೆ ಓಲಾಡುತ್ತಿತ್ತು. ಬೆಂಗಳೂರಿನ ಪೀಣ್ಯದಲ್ಲಿ ಲೇತ್ ಕೆಲಸ ಮಾಡುವ ಪರಿಚಯದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಸ್ಕ್ರೂಗಳನ್ನು ಸಡಿಲಿಸಿ ಅಡಾಪ್ಟರನ್ನು ಬೆರಳಲ್ಲಿ ಅಲುಗಿಸಿ ನೋಡಿ, "ತುಂಡು ನೇರವಾಗಿದೆ ಸರ್. ತೂತು ಶಾಫ್ಟಿಗಿಂತ ಒಂದು ಕೂದಲು ದೊಡ್ಡದು. ಸ್ಕ್ರೂ ಅದನ್ನು ಒಂದು ಕಡೆಗೆ ದೂಡುತ್ತಿದೆ" ಎಂದರು. ಅವರೇ ಕಾಲೆಟ್ ಬಗೆಯ, ಸುತ್ತಲೂ ಸಮನಾಗಿ ಅಪ್ಪಿ ಹಿಡಿಯುವ ಅಡಾಪ್ಟರ್ ಒಂದನ್ನು ಕಡೆದು ಕೊಟ್ಟರು. ಅದನ್ನು ಹಾಕಿದ ಮೇಲೆ ಗೇಜಿನ ಮುಳ್ಳು 0.02ರ ಒಳಗೆ ನಿಂತಿತು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಹೆಜ್ಜೆ ಇದೇ. ಒಂದು ಮಿಲಿಗ್ರಾಂ ಟೇಪನ್ನೂ ಹಚ್ಚದೆ ಅದುರು ಅರ್ಧಕ್ಕಿಂತ ಕೆಳಗಿಳಿಯಿತು.

ರೋಟರ್ ಕೂರಿಸುವ ಮೊದಲು ಬ್ಲೇಡುಗಳ ಅಂಚಿನಲ್ಲಿ ಅಚ್ಚಿನಿಂದ ಉಳಿದ ತೆಳು ಪೊರೆಯನ್ನು ಹರಿತವಾದ ಬ್ಲೇಡಿನಿಂದ ಕೆರೆದು ತೆಗೆಯುತ್ತೇನೆ. ಆಮೇಲೆ ಅಡಾಪ್ಟರ್, ರೋಟರ್, ಅದರ ಮುಂದಿನ ಮೂತಿಯಾದ ಸ್ಪಿನ್ನರ್ ಮೂರಕ್ಕೂ ಒಂದೇ ನೇರದಲ್ಲಿ ಸೂಜಿಯಿಂದ ಸಣ್ಣ ಗುರುತು ಹಾಕುತ್ತೇನೆ. ಇನ್ನು ಮುಂದೆ ಎಷ್ಟು ಸಲ ಬಿಚ್ಚಿದರೂ ಗುರುತಿಗೆ ಗುರುತು ಸೇರಿಸಿಯೇ ಜೋಡಿಸುವುದು. ಬ್ಲೇಡಿನ ತುದಿಗೂ ಹೌಸಿಂಗ್‌ಗೂ ನಡುವಿನ ಸಂದು ನನ್ನ ಫ್ಯಾನಿನಲ್ಲಿ 0.4 ಮಿ.ಮೀ. ಫೀಲರ್ ಗೇಜ್ ಇಲ್ಲದವರು ನಕಲು ತೆಗೆಯುವ ಸಾಮಾನ್ಯ ಕಾಗದವನ್ನು ಬಳಸಬಹುದು, ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪವಿರುತ್ತದೆ. ಮೂರು ಪದರ ಸಲೀಸಾಗಿ ಸುತ್ತಲೂ ಹಾಯಬೇಕು. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಅನ್ನಿಸಿದರೆ ಮೋಟರ್ ಓರೆಯಾಗಿ ಕೂತಿದೆ ಅಥವಾ ಹೌಸಿಂಗ್ ಅಂಡಾಕಾರಕ್ಕೆ ತಿರುಗಿದೆ.

ಇನ್ನು ತೂಗುವ ಕೆಲಸ. ಮೊದಲನೆಯದು ನಿಂತಲ್ಲೇ ತೂಗುವುದು. ರೋಟರನ್ನು ಅಡಾಪ್ಟರ್ ಸಮೇತ ನೇರವಾದ ಉಕ್ಕಿನ ಕಡ್ಡಿಗೆ ಸಿಕ್ಕಿಸಿ, ಮ್ಯಾಗ್ನೆಟಿಕ್ ಬ್ಯಾಲೆನ್ಸರ್ ಮೇಲೆ ಬಿಟ್ಟರೆ ಭಾರದ ಬದಿ ತಾನಾಗಿ ಕೆಳಗಿಳಿಯುತ್ತದೆ. ಮೇಲೆ ಬಂದ ಬದಿಗೆ ಟೇಪಿನ ತುಂಡು ಹಚ್ಚುತ್ತಾ, ಹೇಗೆ ಬಿಟ್ಟರೂ ಅಲ್ಲೇ ನಿಲ್ಲುವವರೆಗೆ ಮುಂದುವರಿಸುವುದು. ಇದು ಒರಟು ಹದ ಅಷ್ಟೇ. ರೋಟರುಗಳ ಸಮತೋಲನಕ್ಕೆ ಐಎಸ್‌ಒ 21940 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಫ್ಯಾನುಗಳಿಗೆ ಅದು ಹೇಳುವ ಜಿ 6.3 ದರ್ಜೆಯನ್ನು ನನ್ನ ರೋಟರಿಗೆ ಹೊಂದಿಸಿ ಲೆಕ್ಕ ಹಾಕಿದರೆ, ಹಬ್‌ನ (ರೋಟರಿನ ನಡುವೆ ಬ್ಲೇಡುಗಳು ಸೇರುವ ಭಾಗದ) ಒಳಗೋಡೆಯಲ್ಲಿ ಉಳಿಯಬಹುದಾದ ವ್ಯತ್ಯಾಸ ಸುಮಾರು ಐದು ಮಿಲಿಗ್ರಾಂ ಮಾತ್ರ. ಅಷ್ಟು ಸೂಕ್ಷ್ಮವನ್ನು ನನ್ನಲ್ಲಿರುವ ಬ್ಯಾಲೆನ್ಸರ್ ಹಿಡಿಯಲಾರದು. ಫ್ಯಾನ್ ತನ್ನದೇ ಮೋಟರ್‌ನ ಮೇಲೆ ತಿರುಗುವಾಗ ಅಳೆಯಲೇಬೇಕು.

ಅಳೆಯಲು ಮೊಬೈಲಿನ ಕಂಪನ ಆ್ಯಪ್ ಸಾಕೆಂದು ಹಲವರು ನಂಬಿದ್ದಾರೆ. ಬಹುಪಾಲು ಮೊಬೈಲುಗಳ ಸೆನ್ಸರ್ ಸೆಕೆಂಡಿಗೆ ಕೆಲವು ನೂರು ಸಲವಷ್ಟೇ ಓದುತ್ತದೆ. ಸೆಕೆಂಡಿಗೆ 300, 500 ಸಲ ಅದುರುವ ವಸ್ತುವನ್ನು ಅದು ಸರಿಯಾಗಿ ಕಾಣಲಾರದು, ತೋರಿಸುವ ಸಂಖ್ಯೆಯನ್ನು ನಂಬುವಂತಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಜರ್‌ಗೆ ಬಳಸುವ, ಅದುರನ್ನು ವಿದ್ಯುತ್ತಾಗಿ ಬದಲಿಸುವ ಪೀಜೊ ಬಿಲ್ಲೆ ಕೆಲವೇ ರೂಪಾಯಿಗೆ ಸಿಗುತ್ತದೆ. ಅದನ್ನು ಹೌಸಿಂಗ್‌ನ ಹೊರಮೈಗೆ, ಮೋಟರ್ ಕಾಲುಗಳ ನೇರಕ್ಕೆ ಗಟ್ಟಿಯಾಗಿ ಅಂಟಿಸಿ, ತಂತಿಯನ್ನು ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಟ್ಟೆ. ಅಡಾಸಿಟಿ ಎಂಬ ಉಚಿತ ತಂತ್ರಾಂಶ ಸೆಕೆಂಡಿಗೆ 44,100 ಸಲ ಓದಿ, ಯಾವ ಆವರ್ತನದಲ್ಲಿ ಎಷ್ಟು ಕಂಪನವಿದೆಯೆಂದು ಗೆರೆ ಎಳೆದು ತೋರಿಸುತ್ತದೆ. ಮೈಕ್‌ನ ಸದ್ದು ತಗ್ಗಿಸುವ, ಮಟ್ಟ ತಾನೇ ಹೊಂದಿಸಿಕೊಳ್ಳುವ ಸೌಲಭ್ಯಗಳನ್ನು ಮೊದಲೇ ನಿಲ್ಲಿಸಿಡಬೇಕು.

ಫ್ಯಾನನ್ನು ಪ್ಲೈವುಡ್ ಚೌಕಟ್ಟಿಗೆ ಬಿಗಿದು, ಚೌಕಟ್ಟನ್ನು ದಪ್ಪ ಫೋಮ್ ಹಾಸಿನ ಮೇಲಿಟ್ಟು, ಮುಂದೆ ಓಡದಂತೆ ಹಗ್ಗದಲ್ಲಿ ಕಟ್ಟಿದೆ. ಮೇಜಿಗೆ ನೇರ ಬಿಗಿದರೆ ಮೇಜೇ ಅದುರನ್ನು ನುಂಗುತ್ತದೆ. ಓಡಿಸುವಾಗ ರೋಟರ್ ತಿರುಗುವ ಸಮತಲದಲ್ಲಿ, ಎಂದರೆ ಫ್ಯಾನಿನ ಪಕ್ಕಕ್ಕೆ, ಯಾರೂ ನಿಲ್ಲಬಾರದು. ಬ್ಲೇಡ್ ಸಿಡಿದರೆ ಹಾರುವುದು ಆ ದಿಕ್ಕಿಗೇ. ಕಣ್ಣಿಗೆ ಕನ್ನಡಕ ಬೇಕು. ಮೇಜಿನ ಮೇಲೆ ಟೇಪಿನ ಚೂರು, ಸ್ಕ್ರೂ ಏನೂ ಉಳಿದಿರಬಾರದು, ಎಲ್ಲವನ್ನೂ ಅದು ಒಳಗೆಳೆದುಕೊಳ್ಳುತ್ತದೆ.

ಮೋಟರ್ ವೇಗ ಹೊಂದಿಸಲು ಬಳಸುವ ಸರ್ವೊ ಟೆಸ್ಟರಿನ ಗುಂಡಿ ತಿರುಗಿಸುತ್ತಾ, ಗೆರೆ 300 ಹರ್ಟ್ಸ್‌ಗೆ ಬರುವಂತೆ ವೇಗವನ್ನು ನಿಲ್ಲಿಸುತ್ತೇನೆ. ಅದು ನಿಮಿಷಕ್ಕೆ 18,000 ಸುತ್ತು. 12 ಬ್ಲೇಡುಗಳ ಸದ್ದು 3,600 ಹರ್ಟ್ಸ್‌ನಲ್ಲಿ ಬೇರೆಯೇ ಗೆರೆಯಾಗಿ ಕಾಣುವುದರಿಂದ ಅದು ಗಾಳಿಯದು, ಇದು ತೂಕದ್ದು ಎಂದು ಬಿಡಿಸಿ ನೋಡಬಹುದು. ನನಗೆ ಬೇಕಾದದ್ದು 300ರ ಗೆರೆ ಮಾತ್ರ. ಅದರ ಎತ್ತರ ಡೆಸಿಬೆಲ್‌ನಲ್ಲಿರುತ್ತದೆ; 6 ಡೆಸಿಬೆಲ್ ಇಳಿದರೆ ಕಂಪನ ಅರ್ಧವಾಗಿದೆ ಎಂದು ತಿಳಿಯಬೇಕು.

ತೂಕ ಹಚ್ಚುವ ಮೊದಲು ರೋಟರನ್ನು ಅಡಾಪ್ಟರ್ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಓಡಿಸಿ ನೋಡುತ್ತೇನೆ. ರೋಟರ್, ಅಡಾಪ್ಟರ್ ಎರಡರ ಭಾರದ ಬದಿಗಳು ಎದುರುಬದುರಾದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಕಡಿಮೆ ಅದುರುವ ಸ್ಥಾನವನ್ನು ಉಳಿಸಿಕೊಂಡು ಗುರುತನ್ನು ಅಲ್ಲಿಗೆ ಬದಲಿಸುತ್ತೇನೆ. ಸ್ಪಿನ್ನರಿಗೂ ಇದೇ ಪರೀಕ್ಷೆ.

ಉಳಿದ ಅದುರಿಗೆ ನಾಲ್ಕು ಓಟದ ವಿಧಾನವಿದೆ. ದೊಡ್ಡ ಕಾರ್ಖಾನೆಗಳ ಫ್ಯಾನುಗಳಿಗೂ ಬಳಸುವ ವಿಧಾನವಿದು, ಕೋನ ಅಳೆಯುವ ಉಪಕರಣ ಬೇಕಿಲ್ಲ. ಬ್ಲೇಡುಗಳಿಗೆ ಒಂದರಿಂದ ಹನ್ನೆರಡರವರೆಗೆ ಸಂಖ್ಯೆ ಕೊಡುತ್ತೇನೆ. ಒಂದರಿಂದ ಇನ್ನೊಂದಕ್ಕೆ 30 ಡಿಗ್ರಿ. ಮೊದಲ ಓಟ ತೂಕವಿಲ್ಲದೆ. ಆಮೇಲೆ ಸ್ಪಿನ್ನರ್ ತೆಗೆದು ಹಬ್‌ನ ಒಳಗೋಡೆಗೆ 10 ಮಿಲಿಗ್ರಾಂ ಟೇಪನ್ನು 1ನೇ ಬ್ಲೇಡಿನ ನೇರಕ್ಕೆ ಹಚ್ಚಿ, ಸ್ಪಿನ್ನರ್ ಹಾಕಿ ಓಟ. ಅದೇ ತುಂಡನ್ನು 5ನೇ ಬ್ಲೇಡಿಗೆ, ನಂತರ 9ನೆಯದಕ್ಕೆ ಸಾಗಿಸಿ ಇನ್ನೆರಡು ಓಟ. ಉದಾಹರಣೆಗೆ, ಡೆಸಿಬೆಲ್‌ನಿಂದ ಸಾಮಾನ್ಯ ಪ್ರಮಾಣಕ್ಕೆ ಬದಲಿಸಿಕೊಂಡ ಮೇಲೆ, ಮೊದಲ ಓಟದ ಕಂಪನ 6, ಉಳಿದ ಮೂರರಲ್ಲಿ 2.6, 7.8, 9.4 ಬಂತೆನ್ನಿ. ಕಾಗದದಲ್ಲಿ 6 ಸೆಂ.ಮೀ. ತ್ರಿಜ್ಯದ ವೃತ್ತ ಬರೆದು, ಅದರ ಮೇಲೆ 0, 120, 240 ಡಿಗ್ರಿಗಳಲ್ಲಿ ಮೂರು ಬಿಂದುಗಳನ್ನು ಇಡುತ್ತೇನೆ. ಆ ಬಿಂದುಗಳನ್ನು ಕೇಂದ್ರವಾಗಿಸಿ ಕ್ರಮವಾಗಿ 2.6, 7.8, 9.4 ಸೆಂ.ಮೀ. ತ್ರಿಜ್ಯದ ಕಮಾನುಗಳನ್ನು ಎಳೆದರೆ ಮೂರೂ ಒಂದು ಕಡೆ ಸಂಧಿಸುತ್ತವೆ. ಮಧ್ಯದಿಂದ ಆ ಸಂಧಿಗೆ 4 ಸೆಂ.ಮೀ. ದೂರ, ದಿಕ್ಕು 20 ಡಿಗ್ರಿ. ಹಚ್ಚಬೇಕಾದ ತೂಕ 10ನ್ನು 6ರಿಂದ ಗುಣಿಸಿ 4ರಿಂದ ಭಾಗಿಸಿದಷ್ಟು, ಅಂದರೆ 15 ಮಿಲಿಗ್ರಾಂ. ಜಾಗ 1ನೇ ಬ್ಲೇಡಿನಿಂದ 2ನೆಯದರ ಕಡೆಗೆ ಮೂರನೆಯ ಎರಡು ಭಾಗ ದೂರದಲ್ಲಿ. ಕಮಾನುಗಳು ಒಂದೆಡೆ ಸೇರದೆ ಚೆದುರಿದರೆ ಓಟಗಳ ವೇಗ ಒಂದೇ ಇರಲಿಲ್ಲ, ಇಲ್ಲವೇ ಏನೋ ಸಡಿಲವಿದೆ ಎಂದು ಅರ್ಥ. ಆಗ ತೂಕದ ಲೆಕ್ಕ ಬಿಟ್ಟು ಸ್ಕ್ರೂಗಳ ಕಡೆಗೆ ಹೋಗುತ್ತೇನೆ.

ಕೊನೆಯ ತೂಕಕ್ಕೆ ಟೇಪಿನ ಬದಲು ಎಪಾಕ್ಸಿ. ಮಿಲಿಗ್ರಾಂ ತಕ್ಕಡಿಯಲ್ಲಿ ಕಡ್ಡಿಯ ತುದಿಯ ಹನಿಯನ್ನು ತೂಗಿ ಹಬ್‌ನ ಒಳಗೋಡೆಗೇ ಹಚ್ಚುತ್ತೇನೆ. ಫ್ಯಾನ್ ತಿರುಗುವಾಗ ಹನಿ ಹೊರಕ್ಕೆ ಒತ್ತಲ್ಪಟ್ಟು ಗೋಡೆಗೆ ಇನ್ನಷ್ಟು ಅಂಟಿಕೊಳ್ಳುತ್ತದೆ. ಹೊರಮೈಗೆ ಹಚ್ಚಿದ್ದು ಕಿತ್ತುಕೊಂಡು ಹೋಗುತ್ತದೆ. ಬ್ಲೇಡನ್ನು ಉಜ್ಜಿ ತೂಕ ಇಳಿಸುವುದಕ್ಕೆ ನಾನು ಒಪ್ಪುವುದಿಲ್ಲ, ಬುಡದಲ್ಲಿ ಒಂದು ಗೀರು ಬಿದ್ದರೂ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಹೀಗೆ ಹದಗೊಂಡ ಫ್ಯಾನಿನ ದನಿಯೇ ಬೇರೆ. ಕರ್ಕಶವಾದ ಕಿರುಚಾಟ ಹೋಗಿ ಗಾಳಿಯ ಸದ್ದಷ್ಟೇ ಉಳಿಯುತ್ತದೆ, ವೇಗ ಏರಿಸುವಾಗ ನಡುವೆ ಎಲ್ಲೂ ಗರಗರ ಎನ್ನುವುದಿಲ್ಲ. ಅದನ್ನು ಕೇಳಿದಾಗ ನನಗಾಗುವ ಸಂತೋಷ ವಿಮಾನ ಹಾರಿದಾಗಿನ ಸಂತೋಷಕ್ಕೆ ಕಡಿಮೆಯೇನಲ್ಲ.

ಒಡಲಿನಲ್ಲಿ ಕೂರಿಸುವಾಗ ಹೌಸಿಂಗನ್ನು ಹಿಂಡಬಾರದು; ಫೋಮ್ ಬಿಗಿಯಾಗಿ ಅದುಮಿದರೆ ಅದು ಅಂಡಾಕಾರವಾಗಿ ಬ್ಲೇಡ್ ಉಜ್ಜುತ್ತದೆ. ಕೂರಿಸಿದ ಮೇಲೂ ಕಾಗದದ ಪರೀಕ್ಷೆ ಮಾಡುತ್ತೇನೆ. ಹಬ್‌ನ 34 ಮಿ.ಮೀ. ಕಳೆದು ಫ್ಯಾನ್ ಗಾಳಿ ದೂಡುವ ವಿಸ್ತೀರ್ಣ ಸುಮಾರು 2,940 ಚದರ ಮಿ.ಮೀ. ಹಿಂದಿನ ಕೊಳವೆಯ ಬಾಯನ್ನು 57 ಮಿ.ಮೀ. ವ್ಯಾಸಕ್ಕೆ, ಅಂದರೆ ಅದರ ಶೇ 87ಕ್ಕೆ, ಇಟ್ಟಿದ್ದೇನೆ. ಮುಂದಿನ ಎರಡು ಬಾಯಿಗಳು ಸೇರಿ ಫ್ಯಾನಿನ ವಿಸ್ತೀರ್ಣಕ್ಕಿಂತ ಕಡಿಮೆಯಾಗದಂತೆ, ತುಟಿ ದುಂಡಗಿರುವಂತೆ ನೋಡಿಕೊಂಡಿದ್ದೇನೆ. ಸ್ಪೀಡ್ ಕಂಟ್ರೋಲರಿನ ತಂತಿ ಉದ್ದ ಸಾಲದಿದ್ದಾಗ ಬ್ಯಾಟರಿ ಕಡೆಯ ತಂತಿಯನ್ನು ಹಾಗೇ ಬಿಟ್ಟು, ಮೋಟರ್ ಕಡೆಯ ಮೂರು ತಂತಿಗಳನ್ನು ಉದ್ದ ಮಾಡುತ್ತೇನೆ.

ಗಟ್ಟಿಯಾಗಿ ನೆಲಕ್ಕೆ ಬಡಿದು ಇಳಿದಾಗಲೆಲ್ಲ ಬ್ಲೇಡುಗಳ ಬುಡವನ್ನು ಬೆಳಕಿಗೆ ಹಿಡಿದು ನೋಡಿ, ಪೀಜೊ ಬಿಲ್ಲೆಯನ್ನು ಮತ್ತೆ ಅಂಟಿಸಿ 300 ಹರ್ಟ್ಸ್‌ನ ಗೆರೆಯನ್ನು ಹಳೆಯ ದಾಖಲೆಯೊಂದಿಗೆ ಹೋಲಿಸುತ್ತೇನೆ. 6 ಡೆಸಿಬೆಲ್ ಏರಿದ್ದರೆ ಫ್ಯಾನನ್ನು ಬಿಚ್ಚಿ, ಡಯಲ್ ಗೇಜ್‌ನಿಂದ ಮತ್ತೆ ಶುರು.